ಗೋರ್ಗಿ ಐದು ವರ್ಷ ಎಲ್ಲಿದ್ದ?

ನಮ್ಮ ಬಂದರಿಗೆ ಸೆನೆಗಲ್‌ನಿಂದ ಹೊಸಬರು ಯಾರೇ ಬರಲಿ, ಮೊದಲ ವಾರ ಮನೆಯಲ್ಲಿ ಒಂದೇ ಜಗಳ. ಪುರಸಭೆಗೆ ಹೋಗಿ ಹೆಸರು ಬರೆಸಬೇಕೋ, ಬೇಡವೋ? ಒಬ್ಬರು ಬೇಕು ಎನ್ನುತ್ತಾರೆ, ಇನ್ನೊಬ್ಬರು ಹುಚ್ಚೇ ನಿನಗೆ ಎನ್ನುತ್ತಾರೆ. ಸ್ಪೇನ್ ದೇಶದ ಈ ಬಾಸ್ಕ್ ಕರಾವಳಿಯಲ್ಲಿ ಹದಿನಾಲ್ಕು ವರ್ಷದಿಂದ ಈ ಜಗಳ ಕೇಳುತ್ತಾ ಬಂದಿದ್ದೇನೆ. ಅದರಲ್ಲಿ ಒಂದನ್ನು ಮಾತ್ರ ನಿಮಗೆ ಹೇಳಬೇಕು.

ಸೋಖ್ನಾ ಬಂದದ್ದು ವಸಂತದಲ್ಲಿ, ಬೂತಾಯಿ ಮೀನಿನ ದೋಣಿಗಳು ತುಂಬಿ ಬರುವ ಕಾಲಕ್ಕೆ. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಅವಳ ಅಣ್ಣ ಗೋರ್ಗಿ ಸೆಕ್ ಅವಳಿಗಿಂತ ಮೂರು ವರ್ಷ ಮೊದಲೇ ಬಂದು ಬಂದರಿನ ಬಲೆಮನೆಯಲ್ಲಿ ಹರಿದ ಬಲೆ ಸರಿಮಾಡುತ್ತಿದ್ದ. ಇಬ್ಬರಿಗೂ ಇಲ್ಲಿ ಉಳಿಯುವ ಪರವಾನಗಿ ಇರಲಿಲ್ಲ.

ಅಣ್ಣ ತಂಗಿಯರ ಸ್ವಭಾವ ಮಾತ್ರ ಪೂರ್ತಿ ಬೇರೆ. ಗೋರ್ಗಿ ರಸ್ತೆಯ ಅಂಚಿನಲ್ಲೇ ನಡೆಯುವವನು. ಯಾರ ಕಣ್ಣಿಗೂ ಬೀಳದಂತೆ ಬದುಕುವುದನ್ನು ಒಂದು ಕಸುಬಿನ ಹಾಗೆ ಕಲಿತಿದ್ದ. ಸೋಖ್ನಾ ಕಂಡದ್ದನ್ನೆಲ್ಲ ಕೇಳುವವಳು. ಬ್ರೆಡ್ ಅಂಗಡಿ ಸೋಮವಾರ ಯಾಕೆ ಮುಚ್ಚಿರುತ್ತೆ? ಇಲ್ಲಿನ ಮುದುಕಿಯರು ಮಧ್ಯಾಹ್ನ ಎರಡಕ್ಕೆ ಎಲ್ಲಿ ಮಾಯವಾಗ್ತಾರೆ? ದೋಣಿಗೆ ಹಸಿರು ಬಣ್ಣವೇ ಯಾಕೆ? ಬಂದ ಹತ್ತೇ ದಿನದಲ್ಲಿ ಬೀದಿಯವರೆಲ್ಲ ಅವಳನ್ನು ಗುರುತು ಹಿಡಿದರು.

ಆ ಭಾನುವಾರ, ಇಲ್ಲಿನ ಸೆನೆಗಲ್‌ನವರು ಕಟ್ಟಿಕೊಂಡ ನಮ್ಮ ಸಂಘದ ರೊಖಾಯ ಗೇಯ್ ಈ ಅಣ್ಣ ತಂಗಿಯರ ಮನೆಗೆ ಊಟಕ್ಕೆ ಬಂದಿದ್ದಳು. ಹದಿನಾರು ವರ್ಷದಿಂದ ಇಲ್ಲಿರುವ ಹೆಂಗಸು. ಕಚೇರಿಗಳಿಗೆ ಹೋಗುವ ನಮ್ಮವರ ಜೊತೆ ಹೋಗಿ ಮಾತು ದಾಟಿಸುವುದು ಅವಳ ಕೆಲಸ. ದೊಡ್ಡ ಬೋಗುಣಿಯಲ್ಲಿ ಮೀನು ಹಾಕಿ ಬೇಯಿಸಿದ ಅನ್ನ ನಡುವೆ ಇತ್ತು. ಎಲ್ಲರೂ ಸುತ್ತ ಕೂತಿದ್ದರು.

"ನಾಳೆ ಪುರಸಭೆಗೆ ಹೋಗಿ ನಿನ್ನ ಹೆಸರು ಬರೆಸೋಣ ಬಾ ಸೋಖ್ನಾ," ಎಂದಳು ರೊಖಾಯ.

ಗೋರ್ಗಿಯ ಕೈ ಬೋಗುಣಿಯಲ್ಲೇ ನಿಂತಿತು. "ಅಕ್ಕಾ, ನನ್ನ ತಂಗಿ ತಲೆ ಕೆಡಿಸ್ಬೇಡ. ಹೆಸರು ಬರೆಸೋದೂ ಒಂದೇ, ಪೊಲೀಸರಿಗೆ ಮನೆ ತೋರ್ಸೋದೂ ಒಂದೇ."

"ನಾನು ಬಂದು ಹದಿನಾರು ವರ್ಷ ಆಯ್ತು. ಹೆಸರು ಬರೆಸಿದ್ದಕ್ಕೆ ಯಾರನ್ನ ಹಿಡ್ಕೊಂಡು ಹೋದ್ರು? ಒಬ್ಬರ ಹೆಸರು ಹೇಳು ನೋಡೋಣ."

"ಹೇಳೋಕೆ ಅವರು ಇಲ್ಲಿರಬೇಕಲ್ಲ!"

ಎಲ್ಲರೂ ನಕ್ಕರು. ರೊಖಾಯ ಬಿಡಲಿಲ್ಲ. "ನೀವು ಸೆಕ್ ಮನೆತನದೋರೇ ಹೀಗೆ. ಅನ್ನದ ಮುಂದೆ ಹುಲಿ, ಕಚೇರಿ ಮೇಜಿನ ಮುಂದೆ ಇಲಿ."

"ಗೇಯ್ ಮನೆತನದೋರು ಬಾಯಿ ತೆಗೆದ್ರೆ ಮುಚ್ಚಿಸೋಕೆ ಇಮಾಮರೇ ಬರ್ಬೇಕು," ಎಂದ ಗೋರ್ಗಿ.

ಸೆಕ್ ಮತ್ತು ಗೇಯ್ ಮನೆತನದವರು ಹೀಗೆ ಕೆಣಕಾಡುವುದು ನಮ್ಮಲ್ಲಿ ತಾತನ ಕಾಲದಿಂದ ಬಂದದ್ದು. ಕೋಪ ಮಾಡಿಕೊಳ್ಳುವಂತಿಲ್ಲ.

ಸೋಖ್ನಾ ಮಾತ್ರ ನಗಲಿಲ್ಲ. ಅವಳಿಗೆ ಪ್ರಶ್ನೆ ಹುಟ್ಟಿತ್ತು. "ಅಲ್ಲಕ್ಕಾ, ಆ ಪುಸ್ತಕದಲ್ಲಿ ಏನೇನು ಬರೀತಾರೆ? ಪರವಾನಗಿ ಇದೆಯಾ ಅಂತ ಕೇಳ್ತಾರಾ?"

"ಕೇಳಲ್ಲ. ಊರಲ್ಲಿ ಯಾರ್ಯಾರು ಇದ್ದಾರೆ ಅಂತ ಬರ್ಕೊಳ್ಳೋದು ಪುರಸಭೆ ಕೆಲಸ. ನಿನ್ನ ಹೆಸರು, ಹುಟ್ಟಿದ ಊರು, ಇರೋ ಮನೆ. ಅಷ್ಟೇ. ಪಾಸ್‌ಪೋರ್ಟ್ ತೋರಿಸ್ಬೇಕು."

"ಅದರಿಂದ ನನಗೇನು ಸಿಗುತ್ತೆ?"

"ಇವತ್ತಿಂದ ನೀನು ಇಲ್ಲಿದ್ದೀಯ ಅನ್ನೋದಕ್ಕೆ ಒಂದು ಕಾಗದ. ಇಲ್ಲಿ ಒಂದು ನಿಯಮ ಇದೆ. ಪರವಾನಗಿ ಇಲ್ಲದೆ ಬಂದೋರೂ ಇಷ್ಟು ವರ್ಷ ಬಿಡದೆ ಇಲ್ಲೇ ಇದ್ದು, ಯಾವ ಅಪರಾಧಾನೂ ಮಾಡದೆ, ಊರಿನ ಜೊತೆ ಬೆರೆತು, ಕೆಲಸ ಕೊಡ್ತೀವಿ ಅನ್ನೋರು ಒಬ್ಬರಿದ್ರೆ, ಉಳಿಯೋ ಪರವಾನಗಿ ಕೇಳಬಹುದು. ಈಗ ಎರಡು ವರ್ಷ ಅಂತಿದೆ. ಮೊದಲು ಮೂರು ಇತ್ತು. ನಾಳೆ ಏನಾಗುತ್ತೋ, ಆಗಾಗ ಬದಲಾಯಿಸ್ತಾರೆ."

"ಬೆರೆತಿದ್ದೀನಿ ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ? ಅದನ್ನ ಅಳೆಯೋಕೆ ತಕ್ಕಡಿ ಇದೆಯಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ರೊಖಾಯಳನ್ನು ಕೇಳಿರಲಿಲ್ಲ. "ತಕ್ಕಡಿ ಇಲ್ಲಮ್ಮ. ನೀನು ಯಾರ್ಯಾರಿಗೆ ಗೊತ್ತು, ಏನು ಕಲ್ತೆ, ಎಲ್ಲಿ ಕೈ ಜೋಡಿಸ್ದೆ ಅಂತ ನೋಡ್ತಾರೆ. ಆದ್ರೆ ಬಾಯಲ್ಲಿ ಹೇಳಿದ್ರೆ ಆಗಲ್ಲ. ತಾರೀಖು ಇರೋ ಕಾಗದ ಬೇಕು."

ಮರುದಿನ ಸೋಖ್ನಾ ಹೋದಳು. ಧೈರ್ಯದಿಂದ ಹೋದಳು ಎನ್ನಲಾರೆ. ಕಯಾರ್ ಎಂಬ ತನ್ನ ಊರಿನ ಹೆಸರನ್ನು ಇಲ್ಲಿನವರು ಹೇಗೆ ಬರೆಯುತ್ತಾರೆ ಎಂದು ನೋಡುವ ಕುತೂಹಲವೇ ಅವಳನ್ನು ಕರೆದೊಯ್ದಿತು. ಗುಮಾಸ್ತೆ ತಪ್ಪಾಗಿ ಬರೆದಳು. ಸೋಖ್ನಾ ತಿದ್ದಿಸಿದಳು. ಅಷ್ಟೇ. ಅವತ್ತೂ ಯಾರೂ ಬಾಗಿಲು ಬಡಿಯಲಿಲ್ಲ, ಆಮೇಲೂ ಬಡಿಯಲಿಲ್ಲ.

ಅಲ್ಲಿಂದ ಅವಳು ಭಾಷೆಯ ತರಗತಿಗೆ ಸೇರಿದಳು. ಗ್ರಂಥಾಲಯದ ಚೀಟಿ ಮಾಡಿಸಿದಳು. ಊರಿನ ಹೆಂಗಸರ ಗುಂಪಿನೊಂದಿಗೆ ತಿಂಗಳಿಗೊಮ್ಮೆ ಕಡಲ ದಂಡೆಯ ಕಸ ಹೆಕ್ಕಿದಳು. ಪ್ರತಿಯೊಂದರ ಕಾಗದವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಳು. ಗೋರ್ಗಿ ಅದನ್ನು ಕಂಡಾಗಲೆಲ್ಲ, "ನಿನ್ನನ್ನ ಹಿಡಿಯೋರಿಗೆ ಎಲ್ಲಾ ಜೋಡಿಸಿ ಇಟ್ಟಿದ್ದೀಯ, ಪಾಪ, ಅವರಿಗೆ ಕಷ್ಟ ಆಗಬಾರದು ಅಂತ," ಎಂದು ರೇಗಿಸುತ್ತಿದ್ದ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಮಂಗಳವಾರ ಗೋರ್ಗಿ ಬಲೆಯ ದಾರ ತರಲು ಬಸ್ಸಿನಲ್ಲಿ ಪಟ್ಟಣಕ್ಕೆ ಹೋದ. ಬಸ್ ನಿಲ್ದಾಣದಲ್ಲಿ ಇಬ್ಬರು ಪೊಲೀಸರು ಕಾಗದ ಕೇಳಿದರು. ಇರಲಿಲ್ಲ. ಠಾಣೆಗೆ ಕರೆದೊಯ್ದು ಸಂಜೆ ಬಿಟ್ಟರು. ಬಿಡುವಾಗ ಕೈಗೊಂದು ನೋಟಿಸು ಕೊಟ್ಟರು. ನಿಮ್ಮನ್ನು ದೇಶದಿಂದ ಹೊರಹಾಕುವ ಕ್ರಮ ಶುರುವಾಗಿದೆ, ಹೇಳುವುದಿದ್ದರೆ ಹದಿನೈದು ದಿನದೊಳಗೆ ಬರೆದು ಹೇಳಿ.

ಮನೆಗೆ ಬಂದು ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಸೋಖ್ನಾ ಆ ನೋಟಿಸನ್ನು ಎರಡು ಸಲ ಓದಿದಳು. ತರಗತಿಯಲ್ಲಿ ಕಲಿತ ಭಾಷೆಯಲ್ಲಿ ಅವಳು ಓದಿದ ಮೊದಲ ದೊಡ್ಡ ಕಾಗದ ಅದೇ ಆಯಿತು.

ರೊಖಾಯ ಅವರನ್ನು ವಕೀಲೆಯೊಬ್ಬಳ ಬಳಿ ಕರೆದೊಯ್ದಳು. ಹಣವಿಲ್ಲದವರಿಗೆ ಸರಕಾರವೇ ಕೊಡುವ ವಕೀಲೆ. ಶುಲ್ಕವಿಲ್ಲ. ಅವಳು ಸುತ್ತಿಬಳಸದೆ ಕೇಳಿದಳು: "ಈ ಐದು ವರ್ಷ ಎಲ್ಲಿದ್ರಿ?"

"ಇಲ್ಲೇ ಇದ್ದೆ."

"ತೋರಿಸಿ."

ಗೋರ್ಗಿ ತನ್ನ ಎದೆ ಮುಟ್ಟಿ ತೋರಿಸಿದ. ವಕೀಲೆ ನಗಲಿಲ್ಲ. "ನೋಡಿ, ಒಬ್ಬರನ್ನ ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವಾಗ, ಅವರ ಬದುಕು ಈ ಊರಿಗೆ ಎಷ್ಟು ಹೊಂದಿಕೊಂಡಿದೆ ಅಂತ ತೂಗಬೇಕಾಗುತ್ತೆ. ಎಷ್ಟು ಕಾಲದಿಂದ ಇದ್ದಾರೆ, ಏನು ಕೆಲಸ, ಯಾರ ಒಡನಾಟ. ಹೊಂದಿಕೊಂಡಿದ್ರೆ ಅದು ನಿಮ್ಮ ಪರವಾದ ಮಾತು. ಆದ್ರೆ ಆ ಮಾತನ್ನ ನಾನು ಗಾಳಿಯಿಂದ ತೆಗೆಯೋಕಾಗಲ್ಲ."

ಸೋಖ್ನಾ ಅಣ್ಣನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಶುರುಮಾಡಿದಳು.

"ಫೋನು ಯಾರ ಹೆಸರಲ್ಲಿದೆ?"

"ರೊಖಾಯಕ್ಕನ ಗಂಡನ ಹೆಸರಲ್ಲಿ."

"ಮನೆ?"

"ಮನೆ ಒಡೆಯ ಬಾಡಿಗೆ ಪತ್ರ ಮಾಡಿರೋದು ಮೇಲಿನ ಕೋಣೆ ಹುಡುಗ ಇದ್ದಾನಲ್ಲ, ಮಾಲಿಕ್, ಅವನ ಹೆಸರಲ್ಲಿ."

"ಅಮ್ಮನಿಗೆ ದುಡ್ಡು ಕಳಿಸ್ತಿದ್ದೆಯಲ್ಲ, ಅಲ್ಲಿ ಪಾಸ್‌ಪೋರ್ಟ್ ತೋರಿಸಬೇಕಲ್ಲ?"

"ಅದನ್ನೂ ಮಾಲಿಕ್ ಕೈಲೇ ಕಳಿಸ್ತಿದ್ದೆ."

ಸೋಖ್ನಾ ಕೈ ಚೆಲ್ಲಿದಳು. "ಅಣ್ಣಾ, ಐದು ವರ್ಷ ಮಾಲಿಕ್ ಇಬ್ಬರಿದ್ರು, ನೀನು ಇರ್ಲೇ ಇಲ್ಲ!"

ಆ ವಾರವೇ ಬಸ್ ನಿಲ್ದಾಣದ ಹತ್ತಿರದ ಒಬ್ಬ ಮನುಷ್ಯ ಗೋರ್ಗಿಯನ್ನು ಹುಡುಕಿಕೊಂಡು ಬಂದ. ಐದು ವರ್ಷದ ಹಳೆಯ ಬಾಡಿಗೆ ಪತ್ರ ಮಾಡಿಕೊಡುತ್ತೇನೆ, ಸೀಲು ಸಹಿ ಎಲ್ಲ ಇರುತ್ತದೆ ಎಂದ. ಗೋರ್ಗಿಯ ಮನಸ್ಸು ವಾಲಿತು. ರೊಖಾಯ ಕೇಳಿ ಕೆಂಡವಾದಳು.

"ನೀನು ನಿಜವಾಗಿ ಇದ್ದೋನು ಕಣೋ! ಇದ್ದೋನು ಸುಳ್ಳು ಕಾಗದ ಯಾಕೆ ಇಡ್ಬೇಕು? ಅದೊಂದು ಸಿಕ್ಕಿಬಿತ್ತೋ, ಆಮೇಲೆ ನೀನು ಹೇಳೋ ನಿಜವನ್ನೂ ಯಾರೂ ನಂಬಲ್ಲ. ಜೊತೆಗೆ ಕೇಸು ಬೇರೆ. ಹುಡುಕೋಣ. ಮನುಷ್ಯ ಐದು ವರ್ಷ ಒಂದು ಊರಲ್ಲಿದ್ರೆ ಎಲ್ಲಾದ್ರೂ ಒಂದು ಕಡೆ ಗುರುತು ಬಿಟ್ಟೇ ಬಿಟ್ಟಿರ್ತಾನೆ."

ಹುಡುಕುವುದು ಎಂದರೆ ಸೋಖ್ನಾಗೆ ಹೇಳಿಕೊಡಬೇಕಾಗಿರಲಿಲ್ಲ. ಅಣ್ಣನ ಬಲಗೈ ಹಿಡಿದು ಅಂಗೈ ತಿರುಗಿಸಿದಳು. ಹೆಬ್ಬೆರಳ ಬುಡದಲ್ಲಿ ಉದ್ದನೆಯ ಗಾಯದ ಕಲೆ.

"ಇದು ಊರಲ್ಲಿ ಇರ್ಲಿಲ್ಲ. ಯಾವಾಗ ಆಗಿದ್ದು?"

"ಬಂದ ಮೊದಲನೇ ಚಳಿಗಾಲ. ತಂತಿ ಹಗ್ಗ ಕೊಯ್ದಿತ್ತು. ಆರೋಗ್ಯ ಕೇಂದ್ರದಲ್ಲಿ ಹೊಲಿಗೆ ಹಾಕಿದ್ರು."

"ಹೆಸರು ಹೇಳಿದ್ಯಾ?"

"ರಕ್ತ ಸುರೀತಿತ್ತು. ಸುಳ್ಳು ಹೆಸರು ನೆನಪಿಗೆ ಬರ್ಲಿಲ್ಲ."

ಸೋಖ್ನಾ ಅವನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ನರ್ಸ್ ಕಂಪ್ಯೂಟರಿನಲ್ಲಿ ನೋಡಿ ಒಂದು ಹಾಳೆ ತೆಗೆದುಕೊಟ್ಟಳು. ಗೋರ್ಗಿ ಸೆಕ್, ಹುಟ್ಟಿದ ದಿನ, ಊರು, ಬಲಗೈಗೆ ಆರು ಹೊಲಿಗೆ. ತಾರೀಖು ನಾಲ್ಕು ವರ್ಷ ಮೂರು ತಿಂಗಳ ಹಿಂದಿನದು. ಗೋರ್ಗಿ ಆ ಹಾಳೆಯನ್ನು ತುಂಬ ಹೊತ್ತು ನೋಡಿದ. ಈ ಊರಿನ ಒಂದು ಕಾಗದದ ಮೇಲೆ ತನ್ನ ಹೆಸರನ್ನು ಅವನು ನೋಡಿದ್ದು ಅದೇ ಮೊದಲು.

ಮುಂದಿನದು ಬಲೆಮನೆ. ಅದನ್ನು ನಡೆಸುವವಳು ಇಚಾಸೊ, ಅರವತ್ಮೂರು ವರ್ಷದ ಬಾಸ್ಕ್ ಹೆಂಗಸು. ಮಾತು ಕಡಿಮೆ, ಕೈ ಚುರುಕು. ಹಸಿರು ಬಲೆಯ ರಾಶಿಯ ನಡುವೆ ಕೂತು ಕೆಲಸ ಮಾಡುತ್ತಿದ್ದಳು. ಸೋಖ್ನಾ ವಿಷಯ ಹೇಳಿದಳು. "ಐದು ವರ್ಷದಿಂದ ನಿಮ್ಮ ಹತ್ರ ಕೆಲಸ ಮಾಡ್ತಿದ್ದಾನೆ ಅಂತ ಬರೆದುಕೊಡ್ತೀರಾ ಅಮ್ಮಾ?"

ಇಚಾಸೊ ಕೈಯ ಸೂಜಿ ನಿಲ್ಲಿಸಿದಳು. "ಪರವಾನಗಿ ಇಲ್ಲದೋನ ಕೈಲಿ ಕೆಲಸ ಮಾಡಿಸ್ಕೊಂಡೆ ಅಂತ ನಾನೇ ಬರೆದುಕೊಟ್ರೆ ದಂಡ ನನಗೆ ಬೀಳುತ್ತೆ ಮಗಳೇ. ಇಲ್ಲಿ ಇನ್ನೂ ಮೂರು ಜನ ಹೆಂಗಸರು ಈ ಬಲೆಮನೆ ನಂಬ್ಕೊಂಡಿದ್ದಾರೆ."

ಅದು ನೆಪವಲ್ಲ, ನಿಜವೇ. ಸೋಖ್ನಾ ಮನೆಗೆ ಬಂದುಬಿಟ್ಟಳು. ಗೋರ್ಗಿಗೆ ವಿಷಯ ಗೊತ್ತಾಗಿ, "ಅವಳನ್ನ ಮತ್ತೆ ಕೇಳ್ಬೇಡ. ಯಾರೂ ಕೆಲಸ ಕೊಡದಾಗ ಕೊಟ್ಟೋಳು," ಎಂದು ತಂಗಿಯನ್ನೇ ಗದರಿದ. ಹನ್ನೊಂದು ದಿನ ಉಳಿದಿತ್ತು.

ಮುಂದಿನ ಶುಕ್ರವಾರ ಮಧ್ಯಾಹ್ನ ಯಾರೋ ಏದುಸಿರು ಬಿಡುತ್ತ ನಾಲ್ಕನೇ ಮಹಡಿಗೆ ಹತ್ತಿ ಬಂದರು. ಬಾಗಿಲು ತೆಗೆದರೆ ಇಚಾಸೊ! ಗೋರ್ಗಿ ಗಾಬರಿಯಿಂದ ಎದ್ದು ನಿಂತ.

ಅವಳು ಒಳಗೆ ಬಂದು ಕೋಣೆಯನ್ನು ನೋಡಿದಳು. ನಾಲ್ಕು ಹಾಸಿಗೆ, ಗೋಡೆಯ ಮೇಲೆ ತಾಯಿಯ ಚಿತ್ರ, ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ. "ಐದು ವರ್ಷ ನನ್ನ ಪಕ್ಕದಲ್ಲಿ ಕೂತು ಕೆಲಸ ಮಾಡಿದ್ದೀಯ," ಎಂದಳು. "ನೀನು ಎಲ್ಲಿ ಮಲಗ್ತೀಯ ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ. ನೀನೂ ಹೇಳ್ಲಿಲ್ಲ."

ಸೋಖ್ನಾ ಅವಳನ್ನು ಊಟಕ್ಕೆ ಕೂರಿಸಿದಳು. ಇಚಾಸೊ ಮೀನಿನ ಅನ್ನದಲ್ಲಿ ಹುಣಸೆಯ ಹುಳಿ ಸಿಕ್ಕಾಗ ಹುಬ್ಬೇರಿಸಿದಳು, ಆಮೇಲೆ ಇನ್ನಷ್ಟು ಹಾಕಿಸಿಕೊಂಡಳು. ಊಟ ಮುಗಿದ ಮೇಲೆ ಚೀಲದಿಂದ ಎರಡು ಹಾಳೆ ತೆಗೆದಳು.

"ವಕೀಲೆ ಹತ್ರ ನಾನೇ ಹೋಗಿದ್ದೆ. ದಂಡ ಬೀಳಬಹುದು, ಬೀಳದೆಯೂ ಇರಬಹುದು ಅಂದ್ಲು. ನಿಜ ಎಷ್ಟಿದೆಯೋ ಅಷ್ಟು ಬರೆದಿದ್ದೀನಿ. ಇನ್ನೊಂದು ಕಾಗದ, ಪರವಾನಗಿ ಸಿಕ್ಕ ದಿನದಿಂದ ಇವನಿಗೆ ಕೆಲಸ ಕೊಡ್ತೀನಿ ಅಂತ. ಸರಿಯಾದ ಸಂಬಳ, ವಿಮೆ, ಎಲ್ಲ. ಬಲೆಮನೇಲಿ ಕೂತಿರೋ ಆ ಮೂವರೂ ಸಹಿ ಹಾಕಿದ್ದಾರೆ. ನನ್ನನ್ನ ಬೈದು ಹಾಕಿದ್ರು, ಮೊದಲೇ ಯಾಕೆ ತರ್ಲಿಲ್ಲ ಅಂತ."

ಗೋರ್ಗಿ ತಲೆ ತಗ್ಗಿಸಿ ಅವಳ ಕೈ ಹಿಡಿದುಕೊಂಡ.

"ಸಾಕು ಸಾಕು," ಎಂದಳು ಇಚಾಸೊ. "ಅಂದ ಹಾಗೆ ಮೀನುಗಾರಿಕೆ ಶಾಲೆಗೆ ಹೋಗಿ ಕೇಳಿದ್ರಾ? ಎರಡು ಚಳಿಗಾಲ ಅಲ್ಲಿನ ಮಕ್ಕಳಿಗೆ ಗಂಟು ಹಾಕೋದು ಹೇಳಿಕೊಡೋಕೆ ನನ್ನ ಬದಲು ಇವನನ್ನ ಕಳಿಸಿದ್ದೆ. ಅಲ್ಲಿ ಬಾಗಿಲಲ್ಲಿ ಸಹಿ ಮಾಡಿಸ್ಕೋತಾರೆ."

ಸೋಖ್ನಾ ಅಣ್ಣನ ಕಡೆ ತಿರುಗಿದಳು. "ಸಹಿ ಮಾಡಿದ್ಯಾ?"

"ಎಲ್ಲರೂ ಮಾಡ್ತಿದ್ರು, ನಾನೂ ಮಾಡ್ದೆ," ಎಂದ ಗೋರ್ಗಿ. "ಹಾಜರಿ ಅಂತ ಗೊತ್ತಿದ್ರೆ ಅಲ್ಲಿಂದ ಓಡಿಹೋಗ್ತಿದ್ದೆ."

ಶಾಲೆಯ ಹಳೆಯ ಕಡತದಲ್ಲಿ ಅವನ ಸಹಿ ಇಪ್ಪತ್ತೆರಡು ಕಡೆ ಸಿಕ್ಕಿತು. ಜೊತೆಗೆ ಒಂದು ಫೋಟೋ. ಗೋರ್ಗಿಯ ಸುತ್ತ ಹದಿನೈದು ಜನ, ಎಲ್ಲರ ಕೈಯಲ್ಲೂ ಹಗ್ಗ.

ಇನ್ನು ಪುರಸಭೆಯ ಸಮಾಜ ಕಾರ್ಯಕರ್ತೆಯ ಭೇಟಿ ಉಳಿದಿತ್ತು. ಊರಿನೊಂದಿಗೆ ಎಷ್ಟು ಬೆರೆತಿದ್ದಾನೆ ಎಂದು ನೋಡಿ ಪತ್ರ ಬರೆದುಕೊಡಬೇಕಾದವಳು ಅವಳು. ಸ್ಪ್ಯಾನಿಷ್‌ನಲ್ಲಿ ಮಾತು ಶುರುಮಾಡಿದಳು. ಗೋರ್ಗಿ ತಡವರಿಸಿದ. ಯಾವ ತರಗತಿಗೂ ಹೋದವನಲ್ಲ. ಜೊತೆಗೆ ಹೋಗಿದ್ದ ರೊಖಾಯ ಮಾತು ದಾಟಿಸಲು ಮುಂದೆ ಬಂದಳು. ಅಷ್ಟರಲ್ಲಿ ಸಮಾಜ ಕಾರ್ಯಕರ್ತೆ, ಇವನಿಗೆ ಗೊತ್ತಾಗಲಾರದು ಅಂದುಕೊಂಡು, ಪಕ್ಕದ ಮೇಜಿನವಳಿಗೆ ಬಾಸ್ಕ್ ಭಾಷೆಯಲ್ಲಿ ಏನೋ ಹೇಳಿದಳು. ಗೋರ್ಗಿ ಅದಕ್ಕೆ ಬಾಸ್ಕ್‌ನಲ್ಲೇ ಉತ್ತರ ಕೊಟ್ಟ! ಬಲೆಮನೆಯ ಮುದುಕಿಯರ ಪಕ್ಕದಲ್ಲಿ ಐದು ವರ್ಷ ಕೂತು ಕಲಿತದ್ದು. ಬಲೆಯ ಬಗ್ಗೆ, ಮಳೆಗಾಳಿಯ ಬಗ್ಗೆ, ಹಾಳು ದಾರ ಮಾರುವ ವ್ಯಾಪಾರಿಯ ಬಗ್ಗೆ, ಒಂದೆರಡು ಬೈಗುಳದ ಸಮೇತ ಮಾತಾಡಿದ.

ಸಮಾಜ ಕಾರ್ಯಕರ್ತೆ ನಗು ತಡೆಯಲಾಗದೆ ಪೆನ್ನು ಕೆಳಗಿಟ್ಟಳು. "ಈ ಬೈಗುಳ ನಮ್ಮ ತಾತ ಸತ್ತ ಮೇಲೆ ನಾನು ಕೇಳೇ ಇರ್ಲಿಲ್ಲ," ಎಂದಳು. ಆಮೇಲೆ ಎರಡು ಪುಟದ ಪತ್ರ ಬರೆದುಕೊಟ್ಟಳು.

ಹದಿನಾಲ್ಕನೆಯ ದಿನ ವಕೀಲೆ ಎಲ್ಲವನ್ನೂ ಸಲ್ಲಿಸಿದಳು. ಆಮೇಲೆ ಕಾಯುವುದು. ನಾಲ್ಕು ತಿಂಗಳು ಗೋರ್ಗಿ ಅಂಚೆಯವನ ಹೆಜ್ಜೆ ಸದ್ದಿಗೇ ಬೆಚ್ಚುತ್ತಿದ್ದ. ನಡುವೆ ಸೋಖ್ನಾ ತನ್ನ ಅರ್ಜಿ ಹಾಕಿದಳು. ಬೂತಾಯಿ ಡಬ್ಬಿಗೆ ತುಂಬುವ ಕಾರ್ಖಾನೆಯೊಂದು ಕೆಲಸ ಕೊಡುತ್ತೇನೆಂದು ಬರೆದುಕೊಟ್ಟಿತ್ತು. ಎರಡು ವರ್ಷದ ಕಾಗದವೆಲ್ಲ ಕೈಯಲ್ಲಿತ್ತು. ಅವಳಿಗೆ ಯಾರ ಬಾಗಿಲಿಗೂ ಓಡಬೇಕಾಗಲಿಲ್ಲ, ಯಾರ ಮುಂದೆಯೂ ಅಂಗೈ ತೋರಿಸಬೇಕಾಗಲಿಲ್ಲ. ಪರವಾನಗಿ ಬಂತು.

ಆಮೇಲೆ ಗೋರ್ಗಿಯ ಲಕೋಟೆ ಬಂತು. ಒಡೆಯಲು ಕೈ ಬರಲಿಲ್ಲ. ಸೋಖ್ನಾಳೇ ಒಡೆದು, ಬೆರಳಿಟ್ಟು, ನಿಧಾನವಾಗಿ ಓದಿದಳು. ಹೊರಹಾಕುವ ಆದೇಶ ಇಲ್ಲ. ದಂಡ ಇದೆ. ಕಾರಣ ಬರೆದಿದ್ದರು: ದೀರ್ಘ ಕಾಲದ ವಾಸ, ಊರಿನೊಂದಿಗಿನ ಒಡನಾಟ, ಕೆಲಸದ ಭರವಸೆ.

ಗೋರ್ಗಿ ಆ ಸಾಲನ್ನು ಮೂರು ಸಲ ಓದಿಸಿದ. "ಒಡನಾಟ ಅಂತ ಬರೆದಿದ್ದಾರಾ? ನಿಜವಾಗ್ಲೂ?" ಎಂದ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತ. ಗೋಡೆ ತೆಳು, ಹೊರಗೆ ಕೂತಿದ್ದ ನಮಗೆಲ್ಲ ಕೇಳಿಸಿತು. ಯಾರೂ ಹೋಗಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಹೊರಹಾಕದಿರುವುದು ಬೇರೆ, ಉಳಿಯುವ ಪರವಾನಗಿ ಬೇರೆ. ಮರುದಿನವೇ ಅವನು ಪುರಸಭೆಗೆ ಹೋಗಿ ತನ್ನ ಹೆಸರು ಬರೆಸಿದ. ಇಚಾಸೊಳ ಕಾಗದ ಇಟ್ಟು ಪರವಾನಗಿಗೆ ಅರ್ಜಿ ಹಾಕಿದ. ಮುಂದಿನ ವಸಂತದಲ್ಲಿ ಕಾರ್ಡು ಕೈಗೆ ಬಂತು. ಅದನ್ನು ಹಿಡಿದು ಮೊದಲು ಹೋದದ್ದು ವಿಮಾನದ ಟಿಕೆಟಿಗೆ. ಆರು ವರ್ಷದಿಂದ ನೋಡದ ತಾಯಿಯನ್ನು ನೋಡಿ ಬಂದ. ಹೋಗಿ, ತಿರುಗಿ ಬಂದ. ಆ ತಿರುಗಿ ಬರುವುದು ಎಷ್ಟು ದೊಡ್ಡ ಮಾತು ಎಂದು ನಮ್ಮಂಥವರಿಗೆ ಗೊತ್ತು.

ಮನೆಗೆ ಈಚೆಗೆ ಅವರ ಚಿಕ್ಕಪ್ಪನ ಮಗನೊಬ್ಬ ಬಂದಿದ್ದಾನೆ. ಮೊದಲ ವಾರದ ಜಗಳ ಶುರುವಾದಾಗ ಗೋರ್ಗಿಯೇ ಹೇಳಿದನಂತೆ: "ನಾನು ಅಡಗಿದ್ದು ಪೊಲೀಸರಿಂದ ಅಲ್ಲ ಮಾರಾಯ. ನನ್ನ ಪರವಾಗಿ ಮಾತಾಡೋರಿಂದ ಅಡಗಿಕೊಂಡಿದ್ದೆ. ಪೊಲೀಸರಿಗೆ ನಾನು ಐದು ನಿಮಿಷದಲ್ಲಿ ಸಿಕ್ಕಿದೆ. ಇವರಿಗೆ ಸಿಗೋಕೆ ಐದು ವರ್ಷ ಬೇಕಾಯ್ತು."

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ಬೆರೆತವರಿಗೂ ಇಲ್ಲ ಎಂದದ್ದನ್ನು ಕಂಡಿದ್ದೇನೆ. ನಿಯಮ ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೆ ಬೇರೆ. ಅದಕ್ಕೇ ನಮ್ಮ ಸಂಘವನ್ನೋ ವಕೀಲರನ್ನೋ ಕೇಳಿ ತಿಳಿದುಕೊಳ್ಳಿ. ಬಸ್ ನಿಲ್ದಾಣದಲ್ಲಿ ಸೀಲು ಮಾರುವವನನ್ನು ಮಾತ್ರ ಕೇಳಬೇಡಿ. ಭಾಷೆ ಕಲಿಯಿರಿ, ಎಲ್ಲಿ ಕಲಿತರೂ ಸರಿ. ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಗೆ ನಿಮ್ಮ ಮನೆ ಎಲ್ಲಿದೆ ಎಂದು ಹೇಳಿ, ಅವರ ಮನೆ ಎಲ್ಲಿದೆ ಎಂದು ಕೇಳಿ. ನೀವು ಈ ಊರಿನವರೇ ಆಗಿದ್ದು, ನಿಮ್ಮ ಪಕ್ಕದಲ್ಲಿ ಹೊರಗಿನಿಂದ ಬಂದವರು ಕೆಲಸ ಮಾಡುತ್ತಿದ್ದರೆ, ಈ ಮಾತು ನಿಮಗೂ ಸೇರಿದ್ದು.

ಇವತ್ತು ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ನಿಮ್ಮದೇ ಹೆಸರಿರುವ, ತಾರೀಖಿರುವ, ಈ ಊರಿನ ಒಂದು ಕಾಗದ ಹುಡುಕಿ. ಸಿಕ್ಕರೆ ಜೋಪಾನವಾಗಿಡಿ. ಸಿಗದಿದ್ದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸಂಘಕ್ಕೆ ಬನ್ನಿ. ಪುರಸಭೆಗೆ ನಿಮ್ಮ ಜೊತೆಗೆ ನಾವು ಬರುತ್ತೇವೆ.